‘ರೆಸಿಪ್ರಾಸಿಟಿ ಇದೆ, ಯೋಚನೆ ಬಿಡಿ’

ಟೆಕ್ಸಸ್‌ನ ಡಲ್ಲಾಸ್ ಕಡೆಯ ಶಾಲೆಯೊಂದರ ನೇಮಕಾತಿ ವಿಭಾಗದವರು ಫೋನಿನಲ್ಲಿ ಹೇಳಿದ ಮಾತಿದು. ರೆಸಿಪ್ರಾಸಿಟಿ ಅಂದರೆ ಒಂದು ರಾಜ್ಯದ ಲೈಸೆನ್ಸನ್ನು ಇನ್ನೊಂದು ರಾಜ್ಯ ಮಾನ್ಯ ಮಾಡುವುದು. ಅದನ್ನು ನಂಬಿ ನ್ಯೂಜೆರ್ಸಿಯಿಂದ ಮನೆ ಬದಲಿಸಿದ ಕನ್ನಡತಿ ಶಿಕ್ಷಕಿಯೊಬ್ಬರ ಕಾಗದಪತ್ರ ಈ ವಾರ ನೋಡಿದೆ. ಸಿಟ್ಟು ಇನ್ನೂ ಇಳಿದಿಲ್ಲ. “ಆಗಸ್ಟಿಗೆ ಪಾಠ ಶುರು ಮಾಡಬಹುದಲ್ವಾ?” ಎಂದು ಕೇಳಿದ್ದರಂತೆ. “ಖಂಡಿತ” ಎಂದರಂತೆ. ಏನೂ ವಿಚಾರಿಸದೆ ಒಬ್ಬರ ಕೆಲಸದ ವಿಷಯದಲ್ಲಿ ಹಾಗೆ ಖಂಡಿತ ಅನ್ನಬಾರದು.

ಅಮೆರಿಕದಲ್ಲಿ ಶಿಕ್ಷಕರ ಲೈಸೆನ್ಸ್ ರಾಜ್ಯದಿಂದ ರಾಜ್ಯಕ್ಕೆ ವರ್ಗವಾಗುವುದಿಲ್ಲ. ಹೊಸ ರಾಜ್ಯದಲ್ಲಿ ಹೊಸದಾಗಿ ಅರ್ಜಿ ಹಾಕಬೇಕು, ಹಳೆಯ ಲೈಸೆನ್ಸ್ ಅದರ ಜೊತೆಗಿಡುವ ದಾಖಲೆ ಅಷ್ಟೇ. 2023ರಲ್ಲಿ 10 ರಾಜ್ಯಗಳು ಸೇರಿ ಇದನ್ನು ಸುಲಭ ಮಾಡುವ ಒಪ್ಪಂದವೊಂದು ಜಾರಿಗೆ ಬಂತು ನಿಜ, ಆ ಹತ್ತರಲ್ಲಿ ಟೆಕ್ಸಸ್ ಇರಲಿಲ್ಲ.

ಟೆಕ್ಸಸ್‌ಗೆ ಬರುವವರು ಮೊದಲು ರಾಜ್ಯ ಶಿಕ್ಷಣ ಇಲಾಖೆಯ ಟೀಲ್ ಎಂಬ ಆನ್‌ಲೈನ್ ಖಾತೆ ತೆರೆದು, ‘ರಿವ್ಯೂ ಆಫ್ ಕ್ರೆಡೆನ್ಷಿಯಲ್ಸ್’ ಎಂಬ ಅರ್ಹತೆ ಪರಿಶೀಲನೆಯ ಅರ್ಜಿಗೆ ಶುಲ್ಕ ಕಟ್ಟಿ, ಲೈಸೆನ್ಸ್ ಪ್ರತಿ, ಕಾಲೇಜಿನ ಅಂಕಗಳ ಟ್ರಾನ್ಸ್‌ಕ್ರಿಪ್ಟ್ ಕೊಡಬೇಕು. ಪರಿಶೀಲನೆ ಮುಗಿದ ಮೇಲೆ ಒಂದು ವರ್ಷದ ಸರ್ಟಿಫಿಕೇಟಿಗೆ ಅರ್ಜಿ, ಬೆರಳಚ್ಚು. ಬಾಕಿ ಪರೀಕ್ಷೆಗಳನ್ನು ಆ ವರ್ಷದೊಳಗೇ ಪಾಸು ಮಾಡಬೇಕು. ಪ್ರಾಥಮಿಕ ತರಗತಿಯವರಿಗೆ 2021ರಿಂದ ಓದು ಕಲಿಸುವ ಕೌಶಲದ ಪ್ರತ್ಯೇಕ ಪರೀಕ್ಷೆಯೂ ಇದೆ. ಶಾಲೆ ಶುರುವಾದ ಮೇಲೆ ಅದಕ್ಕೆ ಓದಲು ಪುರಸೊತ್ತು ಸಿಗುವುದಿಲ್ಲ, ಬೇಸಿಗೆಯಲ್ಲೇ ಬರೆದುಬಿಡುವುದು ಒಳ್ಳೆಯದು.

ನಮ್ಮವರ ಅರ್ಜಿ ಸಿಕ್ಕಿಹಾಕಿಕೊಳ್ಳುವುದು ಬಿ.ಎಡ್. ದಾಖಲೆಯಲ್ಲಿ. ಇಲಾಖೆ ಮಾನ್ಯ ಮಾಡಿದ ಸಂಸ್ಥೆಯಿಂದಲೇ ವಿದೇಶಿ ಪದವಿಯ ಮೌಲ್ಯಮಾಪನ ಆಗಬೇಕು. ಈ ಶಿಕ್ಷಕಿಯ ಅಂಕಪಟ್ಟಿಯಲ್ಲಿ ಹೆಸರಿನ ಹಿಂದೆ ಎರಡು ಇನಿಷಿಯಲ್, ಪಾಸ್‌ಪೋರ್ಟಿನಲ್ಲಿ ಅದೇ ಇನಿಷಿಯಲ್‌ಗಳು ಊರು ಮತ್ತು ತಂದೆಯ ಹೆಸರಾಗಿ ಬಿಡಿಸಿಕೊಂಡಿವೆ, ನ್ಯೂಜೆರ್ಸಿ ಲೈಸೆನ್ಸಿನಲ್ಲಿ ಗಂಡನ ಹೆಸರು. ಮೂವರೂ ಒಬ್ಬರೇ ಎಂದು ತೋರಿಸುವ ಅಫಿಡವಿಟ್, ಮದುವೆ ನೋಂದಣಿ ಪತ್ರ ಮೊದಲೇ ಜೊತೆಗಿಟ್ಟಿದ್ದರೆ ಪತ್ರವ್ಯವಹಾರ ಎಷ್ಟೋ ತಪ್ಪುತ್ತಿತ್ತು.

ನ್ಯೂಜೆರ್ಸಿಯ ಸ್ಟ್ಯಾಂಡರ್ಡ್ ಸರ್ಟಿಫಿಕೇಟಿಗೆ ಅವಧಿಯೇ ಇಲ್ಲ. ಟೆಕ್ಸಸ್‌ನದು 5 ವರ್ಷ, ನವೀಕರಣಕ್ಕೆ 150 ಗಂಟೆಗಳ ತರಬೇತಿ. ಹೀಗೆ ರಾಜ್ಯಕ್ಕೊಂದು ನಿಯಮ ಇರುವಾಗ, ಗಂಡನ ಕೆಲಸಕ್ಕೆಂದು ಊರು ಬದಲಿಸಿ ಪ್ರತಿ ಸಲ ಮೊದಲಿನಿಂದ ಶುರು ಮಾಡುವವರು ನಮ್ಮ ಹೆಣ್ಣುಮಕ್ಕಳೇ. ಅವರಿಗೆ “ಖಂಡಿತ” ಎನ್ನುವ ಮುನ್ನ ನೇಮಕಾತಿಯವರು ಇಲಾಖೆಯ ನಿಯಮವನ್ನು ಒಮ್ಮೆ ಓದಲಿ. ಊರು ಬಿಡುವ ಮೊದಲು ಹಳೆಯ ಶಾಲಾ ಡಿಸ್ಟ್ರಿಕ್ಟ್‌ನಿಂದ ಸರ್ವಿಸ್ ರೆಕಾರ್ಡಿಗೆ, ಅಂದರೆ ಕೆಲಸ ಮಾಡಿದ ವರ್ಷಗಳ ದಾಖಲೆಗೆ, ಸಹಿ ಮಾಡಿಸಿಕೊಳ್ಳಿ. ಅದಿಲ್ಲದೆ ಹೊಸ ಕಡೆ ನಿಮ್ಮ ಅನುಭವದ ವರ್ಷಗಳು ಸಂಬಳದ ಲೆಕ್ಕಕ್ಕೆ ಬರುವುದಿಲ್ಲ.