ಫ್ರಿಜ್ಜಿನ ಅಡಿಯ ನೀರು

ಮೂರು ದಿನದಿಂದ ಅಡುಗೆಮನೆಯ ನೆಲ ಒದ್ದೆಯಾಗುತ್ತಿತ್ತು. ಫ್ರೀಜರ್ ಕೆಳಭಾಗದಲ್ಲಿರುವ ನಮ್ಮ ಫ್ರಿಜ್ಜಿನ ತಳದ ಡ್ರಾಯರ್ ಎಳೆದರೆ ಅಲುಗಲೊಲ್ಲದು. ಅಡಿಯಲ್ಲಿ ಹೆಬ್ಬೆರಳು ದಪ್ಪದ ಮಂಜುಗಡ್ಡೆ. ಅದರೊಳಗೆ ಒಂದೇ ಒಂದು ಹಸಿರು ಬಟಾಣಿ.

ಪ್ಲಗ್ ತೆಗೆದು, ಬಾಗಿಲು ತೆರೆದಿಟ್ಟು ಕಾದೆ. ಚಾಕುವಿನಿಂದ ಕೆತ್ತಲೇಬಾರದು, ಕೊಳವೆಗೆ ತೂತು ಬಿದ್ದರೆ ಅನಿಲವೆಲ್ಲ ಹೋಗುತ್ತದೆ. ಫ್ರೀಜರ್ ಒಳಗಿನ ಹಿಂಬದಿಯ ಹಲಗೆ ಬಿಚ್ಚಿ, ಅಲ್ಲಿ ಕಟ್ಟಿಕೊಂಡಿದ್ದ, ನೀರು ಇಳಿಯುವ ಪುಟ್ಟ ರಂಧ್ರಕ್ಕೆ ಸೂಜಿಯಿಲ್ಲದ ಸಿರಿಂಜಿನಿಂದ ಬೆಚ್ಚಗಿನ ನೀರು ಬಿಟ್ಟೆ. ನಾಲ್ಕನೆಯ ಸಲಕ್ಕೆ ‘ಗುಳುಕ್’ ಎಂದು ಇಳಿಯಿತು. ಆ ಸದ್ದಿಗೆ ಆದ ಸಂತೋಷವನ್ನು ಹೇಗೆ ಹೇಳಲಿ!

ಫ್ರೀಜರ್ ಒಳಗೆ ಕಟ್ಟುವ ಹಿಮವನ್ನು ಅಲ್ಲಿನ ಪುಟ್ಟ ಹೀಟರ್ ಆಗಾಗ ಕರಗಿಸುತ್ತದೆ; ಆ ನೀರು ಈ ರಂಧ್ರದಿಂದ ಇಳಿದು, ಹಿಂದಿನ ತಟ್ಟೆ ಸೇರಿ, ಕಂಪ್ರೆಸರ್‌ನ ಬಿಸಿಗೆ ಆವಿಯಾಗುತ್ತದೆ. 8 ವರ್ಷದಿಂದ ನಮ್ಮ ಗಮನಕ್ಕೇ ಬಾರದೆ ನಡೆದ ಕೆಲಸವಿದು. ಅಮ್ಮ ಮಾಡುತ್ತಿದ್ದ ಎಷ್ಟೋ ಕೆಲಸಗಳೂ ಹೀಗೆಯೇ, ಅವಳು ಊರಿಗೆ ಹೋದಾಗಷ್ಟೇ ಕಣ್ಣಿಗೆ ಬೀಳುತ್ತಿದ್ದವು.

ಬಾಗಿಲಿನ ರಬ್ಬರನ್ನೂ ಸೋಪಿನ ನೀರಿನಿಂದ ಒರೆಸಿದ್ದೇನೆ. ಫ್ರೀಜರ್ ಮತ್ತೆ ಮೈನಸ್ 18 ಡಿಗ್ರಿಗೆ ಬರಲು ರಾತ್ರಿಯಾಗಬಹುದು. ಅಲ್ಲಿಯವರೆಗೆ ಕಾಯಿತುರಿಯ ಡಬ್ಬಿ ಪಕ್ಕದ ಮನೆಯಲ್ಲಿದೆ.