ನೇಪಾಳ ನಮ್ಮ ಮಾತನ್ನೇಕೆ ಕೇಳುವುದಿಲ್ಲ?

ವಿದೇಶಾಂಗ ನೀತಿಯ ಬಗ್ಗೆ ಎಲ್ಲಿ ಮಾತನಾಡಿದರೂ ಕೊನೆಗೆ ಒಬ್ಬರಾದರೂ ಎದ್ದು ಕೇಳುವ ಪ್ರಶ್ನೆ ಇದು: ಪೆಟ್ರೋಲಿನಿಂದ ಔಷಧಿಯವರೆಗೆ ನಮ್ಮನ್ನೇ ನೆಚ್ಚಿಕೊಂಡಿರುವ ನೇಪಾಳ, ನಮ್ಮ ಮಾತು ಕೇಳದೆ ಚೀನಾದತ್ತ ವಾಲುವುದೇಕೆ? ನೆಚ್ಚಿಕೊಂಡಿರುವುದರಿಂದಲೇ ವಾಲುತ್ತದೆ ಎಂಬುದು ನನ್ನ ಉತ್ತರ. ಆದರೆ ನಾವು ಗಮನಿಸದ ಕಡೆಗಳಲ್ಲಿ ಅದು ನಮ್ಮ ಮಾತನ್ನು ಸಾಕಷ್ಟು ಕೇಳುತ್ತಲೂ ಇದೆ.

ಸಮುದ್ರವೇ ಇಲ್ಲದ ಆ ದೇಶದ ವಿದೇಶ ವ್ಯಾಪಾರದಲ್ಲಿ ಸುಮಾರು ಮೂರನೇ ಎರಡು ಪಾಲು ಭಾರತದೊಡನೆಯೇ ನಡೆಯುತ್ತದೆ. ಹೊರಗಿನ ಸರಕು ಬಹುಪಾಲು ಕೋಲ್ಕತ್ತ ಬಂದರಿನಲ್ಲಿ ಇಳಿದು, ಬಿಹಾರದ ರಕ್ಸೌಲ್ ದಾಟಿ ನೇಪಾಳದ ಗಡಿ ಪಟ್ಟಣ ಬೀರ್‌ಗಂಜ್ ಸೇರುತ್ತದೆ. ನಮ್ಮ ಒಂದು ರೂಪಾಯಿಗೆ ಅವರ 1.60 ರೂಪಾಯಿ ಎಂಬ ವಿನಿಮಯ ದರವೂ 1993ರಿಂದ ಕದಲಿಲ್ಲ.

ಈ ಹಿಡಿತದ ಬಿಸಿ ಅವರಿಗೆ ಮೊದಲು ಜೋರಾಗಿ ತಟ್ಟಿದ್ದು 1989ರಲ್ಲಿ. ಹಿಂದಿನ ವರ್ಷ ನೇಪಾಳ ಚೀನಾದಿಂದ ಶಸ್ತ್ರಾಸ್ತ್ರ ಕೊಂಡಿತ್ತು. ವ್ಯಾಪಾರ ಮತ್ತು ಸಾಗಣೆ ಒಪ್ಪಂದಗಳ ಅವಧಿ ಮುಗಿದಾಗ ಭಾರತ ಎರಡು ಗಡಿದಾರಿಗಳನ್ನು ಬಿಟ್ಟು ಉಳಿದವನ್ನೆಲ್ಲ ಮುಚ್ಚಿತು.

2015ರ ಕಥೆ ಇನ್ನೂ ಕಹಿಯಾದದ್ದು. ಸುಮಾರು ಒಂಬತ್ತು ಸಾವಿರ ಜನರನ್ನು ಬಲಿ ತೆಗೆದುಕೊಂಡ ಏಪ್ರಿಲ್ ಭೂಕಂಪದಿಂದ ದೇಶ ಚೇತರಿಸಿಕೊಂಡಿರಲಿಲ್ಲ. ಸೆಪ್ಟೆಂಬರ್ 20ರಂದು ಹೊಸ ಸಂವಿಧಾನ ಜಾರಿಗೆ ಬಂದಾಗ ಭಾರತದ ಗಡಿಗೆ ಹೊಂದಿದ ತರಾಯಿ ಬಯಲಿನ ನಿವಾಸಿಗಳಾದ ಮಧೇಶಿಗಳು ತಮಗೆ ಅನ್ಯಾಯವಾಗಿದೆಯೆಂದು ಬೀರ್‌ಗಂಜ್ ಸೇತುವೆಯ ಮೇಲೆ ಧರಣಿ ಕುಳಿತರು. ಲಾರಿಗಳು ಗಡಿಯಲ್ಲೇ ನಿಂತವು. ಲಾರಿ ಚಾಲಕರಿಗೆ ಸುರಕ್ಷತೆಯಿಲ್ಲದಿರುವುದೇ ಕಾರಣ, ತಾನು ದಿಗ್ಬಂಧನ ಹೇರಿಲ್ಲ ಎಂದು ಭಾರತ ಹೇಳಿತು. ಮಧೇಶಿಗಳ ದೂರಿನಲ್ಲಿ ಹುರುಳಿತ್ತೆಂದು ನಾನೂ ನಂಬುತ್ತೇನೆ. ಆದರೆ ಕಠ್ಮಂಡುವಿನ ಗೃಹಿಣಿಗೆ ಸಿಕ್ಕಿದ್ದು ಅರ್ಧ ತುಂಬಿದ ಗ್ಯಾಸ್ ಸಿಲಿಂಡರ್. ಅದೂ ಸಿಗದವರು ಸೌದೆ ಉರಿಸಿ ಅಡುಗೆ ಮಾಡಿದರು. ಸುಮಾರು ಐದು ತಿಂಗಳು ಹೀಗೆ ನಡೆದ ಮೇಲೆ, ಭಾರತದ ಮಾತಿಗೆ ಬಗ್ಗುವುದಿಲ್ಲ ಎನ್ನುವ ನಾಯಕನಿಗೆ ಅಲ್ಲಿ ಮತ ಬೀಳುವುದರಲ್ಲಿ ಅಚ್ಚರಿಯಿಲ್ಲ.

ಪ್ರಧಾನಿ ಕೆ.ಪಿ. ಶರ್ಮಾ ಓಲಿ 2016ರ ಮಾರ್ಚ್‌ನಲ್ಲಿ ಬೀಜಿಂಗ್‌ಗೆ ಹೋಗಿ ಚೀನಾದ ಬಂದರುಗಳನ್ನು ಬಳಸುವ ಒಪ್ಪಂದ ಮಾಡಿಕೊಂಡರು. ಆ ಪೈಕಿ ತಿಯಾಂಜಿನ್ ಬಂದರು ಮೂರು ಸಾವಿರ ಕಿಲೋಮೀಟರಿಗೂ ದೂರ. ಬೀರ್‌ಗಂಜ್‌ಗೆ ಕೋಲ್ಕತ್ತ ಸುಮಾರು 700 ಕಿಲೋಮೀಟರ್. ಹಾಗಾಗಿ ಸರಕು ಇಂದಿಗೂ ಕೋಲ್ಕತ್ತದ ದಾರಿಯಲ್ಲೇ ಬರುತ್ತಿದೆ. ಅದೇ ಓಲಿ 2019ರಲ್ಲಿ ನರೇಂದ್ರ ಮೋದಿಯವರೊಡನೆ ಬಿಹಾರದ ಮೋತಿಹಾರಿಯಿಂದ ನೇಪಾಳದ ಅಮ್ಲೇಖ್‌ಗಂಜ್‌ವರೆಗಿನ 69 ಕಿಲೋಮೀಟರಿನ ತೈಲ ಕೊಳವೆಮಾರ್ಗವನ್ನೂ ಉದ್ಘಾಟಿಸಿದರು. ನೇಪಾಳಕ್ಕೆ ಬೇಕಿದ್ದದ್ದು ಭಾರತವನ್ನು ಬಿಟ್ಟುಹೋಗುವ ದಾರಿಯಲ್ಲ, ಭಾರತದೊಡನೆ ಮಾತಿಗೆ ಕುಳಿತಾಗ ತೋರಿಸಬಹುದಾದ ಇನ್ನೊಂದು ಬಾಗಿಲು ಎಂಬುದು ನನ್ನ ತಿಳಿವಳಿಕೆ.

ಈ ಸ್ಥಿತಿಯನ್ನು ಭಾರತೀಯರಾದ ನಾವೇ ಅರ್ಥ ಮಾಡಿಕೊಳ್ಳದಿದ್ದರೆ ಹೇಗೆ? ಬರದಿಂದ ತತ್ತರಿಸಿದ್ದ 1966ರಲ್ಲಿ ನಮ್ಮ ಪಡಿತರ ನಡೆಯುತ್ತಿದ್ದುದು ಅಮೆರಿಕ ತನ್ನ ಪಿ.ಎಲ್. 480 ಎಂಬ ಆಹಾರ ನೆರವಿನ ಕಾನೂನಿನಡಿ ಕಳಿಸುತ್ತಿದ್ದ ಗೋಧಿಯಿಂದ. ಅಮೆರಿಕದ ವಿಯೆಟ್ನಾಂ ಯುದ್ಧದ ಕುರಿತ ನಮ್ಮ ಟೀಕೆಯಿಂದ ಮುನಿದಿದ್ದ ಅಧ್ಯಕ್ಷ ಲಿಂಡನ್ ಜಾನ್ಸನ್ ಅದನ್ನು ಅಳೆದು ಅಳೆದು ಬಿಡುತ್ತಿದ್ದರು. ಜೂನ್‌ನಲ್ಲಿ, ಅಮೆರಿಕ ಮತ್ತು ವಿಶ್ವ ಬ್ಯಾಂಕಿನ ಒತ್ತಡದ ನಡುವೆ, ನಮ್ಮ ಸರ್ಕಾರ ಡಾಲರಿಗೆ 4.76 ಇದ್ದ ರೂಪಾಯಿಯನ್ನು 7.50ಕ್ಕೆ ಇಳಿಸಿತು. ಮರುತಿಂಗಳೇ ಇಂದಿರಾ ಗಾಂಧಿ ಮಾಸ್ಕೋದಲ್ಲಿ, ಉತ್ತರ ವಿಯೆಟ್ನಾಂ ಮೇಲಿನ ಬಾಂಬ್ ದಾಳಿ ನಿಲ್ಲಬೇಕೆಂಬ ಜಂಟಿ ಹೇಳಿಕೆಗೆ ಒಪ್ಪಿದರು. ಆ ಗೋಧಿಯನ್ನು ನೆಚ್ಚಿಕೊಳ್ಳುವುದು ತಪ್ಪಲೆಂದು ಅದೇ ವರ್ಷ ಮೆಕ್ಸಿಕೋದಿಂದ 18,000 ಟನ್ ಗೋಧಿ ಬಿತ್ತನೆ ಬೀಜವೂ ಬಂತು. ನೆಚ್ಚಿಕೊಂಡಿದ್ದ ನಾವೂ ಬಗ್ಗಿದೆವು, ಆದರೆ ಇನ್ನೊಂದು ಬಾಗಿಲನ್ನೂ ಹುಡುಕಿದೆವು.

ಇನ್ನು ನೇಪಾಳ ನಮ್ಮ ಮಾತು ಕೇಳುವ ಕಡೆಗೆ ಬರೋಣ. ಜಲವಿದ್ಯುತ್ ಅದರ ದೊಡ್ಡ ಆಸ್ತಿ, ಭಾರತ ಅದರ ದೊಡ್ಡ ಗ್ರಾಹಕ. ಹತ್ತು ವರ್ಷಗಳಲ್ಲಿ 10,000 ಮೆಗಾವಾಟ್ ಖರೀದಿಸುವ ಒಪ್ಪಂದಕ್ಕೆ 2024ರ ಜನವರಿಯಲ್ಲಿ ಸಹಿಯಾಗಿದೆ. ಆದರೆ ಚೀನಾದ ಬಂಡವಾಳವೋ ಗುತ್ತಿಗೆದಾರರೋ ಇರುವ ಯೋಜನೆಗಳ ವಿದ್ಯುತ್ತನ್ನು ಭಾರತ ಕೊಳ್ಳುತ್ತಿಲ್ಲ. ಹೀಗಾಗಿ ಅಣೆಕಟ್ಟು ಕಟ್ಟಲು ಹೊರಡುವವರು ಗುತ್ತಿಗೆ ಕೊಡುವ ಮೊದಲೇ ದೆಹಲಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಗುತ್ತದೆ. ಚೀನಾದ ಕಂಪನಿಯೊಡನೆ ಮಾತುಕತೆ ಮುರಿದುಬಿದ್ದಿದ್ದ ಪಶ್ಚಿಮ ಸೇತಿ ಜಲವಿದ್ಯುತ್ ಯೋಜನೆಯನ್ನು ನೇಪಾಳ 2022ರಲ್ಲಿ ಭಾರತ ಸರ್ಕಾರದ ಜಲವಿದ್ಯುತ್ ಕಂಪನಿ ಎನ್‌ಎಚ್‌ಪಿಸಿಗೆ ವಹಿಸಿದಾಗ, ಅಂದಿನ ಪ್ರಧಾನಿ ಶೇರ್ ಬಹಾದುರ್ ದೇವುಬಾ ಮುಂದಿಟ್ಟಿದ್ದ ವಾದವೂ ಇದೇ: ಚೀನಾ ಕಟ್ಟಿದರೆ ಆ ವಿದ್ಯುತ್ತನ್ನು ಭಾರತ ಕೊಳ್ಳುವುದಿಲ್ಲ.