ಪಾಪ ವಾಲೇಸ್ ಅನ್ನಬೇಡಿ

"ಡಾರ್ವಿನ್ ವಾಲೇಸನ ಐಡಿಯಾ ಕದ್ದನಂತಲ್ಲ, ನಿಜಾನಾ?" ವಿಕಾಸವಾದದ ಬಗ್ಗೆ ಹೇಳಲು ಯಾವ ಶಾಲೆಗೆ ಹೋದರೂ ಈ ಪ್ರಶ್ನೆ ತಪ್ಪಿದ್ದಲ್ಲ.

ಇಲ್ಲ. ಕದ್ದಿಲ್ಲ. ಪರಿಸರಕ್ಕೆ ಹೊಂದಿದ ಜೀವಿಗಳು ಉಳಿದು, ಹಾಗೇ ಜೀವಜಾತಿಗಳು ಬದಲಾಗುತ್ತವೆ ಎಂಬ ತನ್ನ ವಾದವನ್ನು ಡಾರ್ವಿನ್ 1844ರಲ್ಲೇ ದೀರ್ಘವಾಗಿ ಬರೆದಿಟ್ಟಿದ್ದ. ಅದೇ ವಿಚಾರವನ್ನು ತಾನಾಗಿಯೇ ಕಂಡುಕೊಂಡ ಬ್ರಿಟಿಷ್ ನಿಸರ್ಗ ವಿಜ್ಞಾನಿ ಆಲ್ಫ್ರೆಡ್ ರಸೆಲ್ ವಾಲೇಸ್ ಕಳಿಸಿದ ಲೇಖನ ಅವನ ಕೈಸೇರಿದ್ದು 1858ರಲ್ಲಿ. ಡಾರ್ವಿನ್ನನ ವಿಜ್ಞಾನಿ ಗೆಳೆಯರಾದ ಲಯೆಲ್ ಮತ್ತು ಹೂಕರ್ ಸೇರಿ ಇಬ್ಬರ ಬರಹಗಳನ್ನೂ ಆ ಜುಲೈ 1ರಂದು ಲಂಡನ್ನಿನ ಲಿನಿಯನ್ ಸೊಸೈಟಿ ಎಂಬ ವಿಜ್ಞಾನ ಸಂಘದ ಮುಂದಿಟ್ಟರು. ನ್ಯೂಗಿನಿಯಲ್ಲಿದ್ದ ವಾಲೇಸನನ್ನು ಒಂದು ಮಾತೂ ಕೇಳಲಿಲ್ಲ. ಅದು ತಪ್ಪೇ, ನಾನು ಮುಚ್ಚಿಡುವುದಿಲ್ಲ. ಆದರೆ ಸುದ್ದಿ ತಿಳಿದ ವಾಲೇಸ್ ಹಿಗ್ಗಿ ಅಮ್ಮನಿಗೆ ಕಾಗದ ಬರೆದ. 1889ರಲ್ಲಿ ತನ್ನ ಪುಸ್ತಕಕ್ಕೆ 'ಡಾರ್ವಿನಿಸಂ' ಅಂತಲೇ ಹೆಸರಿಟ್ಟ. ಕದ್ದವನ ಹೆಸರನ್ನು ಯಾರಾದರೂ ಹಾಗೆ ಹೊತ್ತು ತಿರುಗುತ್ತಾರಾ?

ನನಗೆ ಸಿಟ್ಟು ಬರುವುದು ಪ್ರಶ್ನೆಯ ಹಿಂದೆಯೇ ಬರುವ "ಪಾಪ" ಅನ್ನೋ ಮಾತಿಗೆ. ಹೋದ ವರ್ಷ ಒಂದು ಮದುವೆಯಲ್ಲಿ, ಊಟದ ಪಂಕ್ತಿಯಲ್ಲಿ ಪಕ್ಕ ಕೂತಿದ್ದ ಹಿರಿಯರು "ಪಾಪ, ಬಡವ, ಮೋಸಹೋದ" ಅಂದರು. ಎಲೆಗೆ ಪಾಯಸ ಬೀಳುವಷ್ಟರಲ್ಲಿ ನನ್ನ ದನಿ ಏರಿತ್ತು. "ಅವನ ಹಡಗು ಸುಟ್ಟ ಕಥೆ ಗೊತ್ತಾ ಸಾರ್ ನಿಮಗೆ?"

ಹದಿನಾಲ್ಕಕ್ಕೇ ಶಾಲೆ ಬಿಟ್ಟು ಅಣ್ಣನ ಜೊತೆ ಜಮೀನು ಅಳೆಯಲು ಹೋದ ಹುಡುಗ. ನಾಲ್ಕು ವರ್ಷ ಅಮೆಜಾನ್ ಕಾಡು ಅಲೆದ. ತಮ್ಮ ಅಲ್ಲೇ ಹಳದಿ ಜ್ವರಕ್ಕೆ ಬಲಿಯಾದ. 1852ರಲ್ಲಿ ಊರಿಗೆ ಮರಳುವಾಗ ನಡುಗಡಲಲ್ಲಿ ಹಡಗಿಗೆ ಬೆಂಕಿ ಬಿತ್ತು. ಕೈಗೆ ಸಿಕ್ಕಿದ್ದು ಮೀನು, ತಾಳೆಮರಗಳ ಚಿತ್ರಗಳಿದ್ದ ಒಂದು ಸಣ್ಣ ತಗಡಿನ ಪೆಟ್ಟಿಗೆ. ಹತ್ತು ದಿನ ಸೋರುವ ದೋಣಿಯಲ್ಲಿ ಕಳೆದ. ಇಷ್ಟಾದ ಮೇಲೂ 1854ರಲ್ಲಿ ಮಲಯ ದ್ವೀಪಗಳಿಗೆ (ಇಂದಿನ ಮಲೇಷ್ಯಾ, ಇಂಡೋನೇಷ್ಯಾ ಕಡೆ) ಹೊರಟು, ಎಂಟು ವರ್ಷದಲ್ಲಿ 1,25,660 ಜೀವಿಗಳ ಮಾದರಿ ಕೂಡಿಸಿದ. ಬಾಲಿ, ಲೊಂಬೊಕ್ ನಡುವೆ ಇರುವುದು ಒಂದು ಕಿರಿದಾದ ಜಲಸಂಧಿ. ದಾಟಿದರೆ ಹಕ್ಕಿಗಳೇ ಬೇರೆ! ಅದನ್ನು ಗುರುತಿಸಿದ ಕಣ್ಣಿಗೆ ಪಾಪ ಅಂತೀರಾ?

ಹಿರಿಯರು ಪಾಯಸ ಮುಗಿಸಿ ಎದ್ದರು.

ಕೇಳುವುದಾದರೆ ಅಲಿ ಬಗ್ಗೆ ಕೇಳಿ. 1855ರಲ್ಲಿ ಬೋರ್ನಿಯೋದ ಸರವಾಕಿನಲ್ಲಿ ವಾಲೇಸನ ಮನೆಗೆಲಸಕ್ಕೆ ಸೇರಿದ ಮಲಯ ಹುಡುಗ. ಬಂದೂಕು ಹಿಡಿಯುವುದು, ಹಕ್ಕಿಯ ತೊಗಲು ಬಿಡಿಸುವುದು ಎಲ್ಲ ಕಲಿತ. ಜ್ವರ ಬಂದಾಗ ವಾಲೇಸನ ಆರೈಕೆ ಮಾಡಿದವನೂ ಅವನೇ. 1858ರಲ್ಲಿ ಬಚಾನ್ ದ್ವೀಪದಲ್ಲಿ ಒಂದು ದಿನ ಸೊಂಟಕ್ಕೆ ಹಕ್ಕಿಗಳನ್ನು ಕಟ್ಟಿಕೊಂಡು ಬಂದು ಒಂದನ್ನು ಮುಂದೆ ಹಿಡಿದ. ಎದೆಯ ತುಂಬ ಹೊಳೆಯುವ ಹಸಿರು, ಎರಡೂ ಹೆಗಲಿಂದ ಜೋಡಿ ಜೋಡಿಯಾಗಿ ಚಾಚಿಕೊಂಡ ಬಿಳಿ ಗರಿಗಳು. ವಾಲೇಸ್ ಎಂದೂ ಕಾಣದ ಸ್ವರ್ಗದ ಹಕ್ಕಿ. ಇವತ್ತಿಗೂ ಅದರ ವೈಜ್ಞಾನಿಕ ಹೆಸರಲ್ಲಿರುವುದು ವಾಲೇಸ್.

ಆ ಬಿಳಿ ಗರಿಗಳು ಹಾಗೆ ನಿಂತಿರುವುದು ಸಹಜವಾ ಅನ್ನುವ ಅನುಮಾನಕ್ಕೆ ಉತ್ತರ ಕೊಟ್ಟವನು ಅಲಿ: ರೆಕ್ಕೆ ಬಡಿಯುವಾಗ ಹಕ್ಕಿ ತಾನೇ ಅವನ್ನು ಹಾಗೆ ನಿಮಿರಿಸುತ್ತದೆ. ಮರದ ಮೇಲೆ ಅದನ್ನು ಜೀವಂತ ಕಂಡಿದ್ದವನು ಅವನು.